ಡಾಕ್ಟರಿಕೆ ಉಳ್ಳವರ ಮನೆಯ ಸೊತ್ತೆ?

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮಾರನೆಯ ದಿನದಿಂದ ಕಾರ್ಮಿಕರ ಕೇರಿಗಳಲ್ಲಿಯೂ ಪೇಟೆಯ ಸಣ್ಣ ಅಂಗಡಿಗಳಲ್ಲಿಯೂ ಒಂದೇ ಮಾತು: "ಹುಡುಗಿ ಡಾಕ್ಟರಾಗಬೇಕೆನ್ನುತ್ತಾಳೆ. ಪಿ.ಯು.ಸಿ.ಯಲ್ಲಿ ಯಾವ ವಿಷಯ ಕೊಡಿಸುವುದು?" ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕನಿಗೂ, ಅಂಗಡಿಯ ಬಾಗಿಲು ಹಾಕಿ ಬಂದ ಸಣ್ಣ ವ್ಯಾಪಾರಿಗೂ ಇದಕ್ಕೆ ಉತ್ತರ ಹೇಳುತ್ತಿರುವವರು ಯಾರು? ಊರಿನ ಗೋಡೆಗೋಡೆಗೂ ಅಂಟಿಕೊಂಡಿರುವ ಕೋಚಿಂಗ್ ಅಂಗಡಿಗಳ ಭಿತ್ತಿಪತ್ರಗಳು! ಹಸಿದವನಿಗೆ ದಾರಿ ತೋರಲು ಹೋಟೆಲಿನವನೇ ಕೈಮರ ನೆಟ್ಟಂತಾಗಿದೆ.

ಈ ಪ್ರಶ್ನೆ ಒಂದೊಂದು ಮನೆಯ ಖಾಸಗಿ ಚಿಂತೆಯೆಂದು ನಮ್ಮನ್ನು ನಂಬಿಸಲಾಗಿದೆ. ಅದು ಸುಳ್ಳು. ನಾಳೆ ನಮ್ಮ ಆಸ್ಪತ್ರೆಗಳಲ್ಲಿ ಯಾರ ಮಕ್ಕಳು ಡಾಕ್ಟರಾಗಿ ಕೂರುತ್ತಾರೆಂಬ ಪ್ರಶ್ನೆ ಇಡೀ ಸಮಾಜದ್ದು. ಆದ್ದರಿಂದ ಮೊದಲು ನಿಯಮವೇನೆಂಬುದನ್ನು ತಿಳಿದುಕೊಳ್ಳೋಣ. ಅನಂತರ ಅನ್ಯಾಯವೆಲ್ಲಿದೆಯೆಂಬುದನ್ನು ನೋಡೋಣ.

ನಿಯಮ ಸರಳವಾಗಿದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಬೇಕಾದದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಜೊತೆಗೆ ಇಂಗ್ಲಿಷ್. ಗಣಿತದ ಪತ್ರಿಕೆ ಅಲ್ಲಿಲ್ಲ. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಜೀವಶಾಸ್ತ್ರಕ್ಕೆ 90 ಪ್ರಶ್ನೆ, ಉಳಿದೆರಡಕ್ಕೆ ತಲಾ 45. ಸರಿಯುತ್ತರಕ್ಕೆ 4 ಅಂಕ ಸಿಕ್ಕರೆ ತಪ್ಪಿಗೆ 1 ಅಂಕ ಕಳೆಯುತ್ತಾರೆ. ಹಾಗಾದರೆ ಗಣಿತವನ್ನು ಬಿಡಬಹುದೇ? ಬಿಟ್ಟವರನ್ನು ನೀಟ್ ಹೊರಗಿಡುವುದಿಲ್ಲ. ಆದರೆ ಬಲ, ಚಲನೆ, ಆವರ್ತನೆಗಳ ಲೆಕ್ಕವನ್ನು ಗಣಿತದ ಅಭ್ಯಾಸವಿಲ್ಲದೆ ಮಾಡುವುದು ಕಷ್ಟ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಮೆಡಿಕಲ್ ಸೀಟು ತಪ್ಪಿದರೆ ಗಣಿತವಿಲ್ಲದ ಮಗುವಿಗೆ ಇಂಜಿನಿಯರಿಂಗ್ ಬಾಗಿಲೂ ಮುಚ್ಚಿರುತ್ತದೆ. ಶ್ರೀಮಂತನ ಮಗನಿಗೆ ಒಂದು ಬಾಗಿಲು ಮುಚ್ಚಿದರೆ ದುಡ್ಡು ಇನ್ನೊಂದನ್ನು ತೆರೆಯುತ್ತದೆ. ನಮ್ಮ ಮಕ್ಕಳಿಗೆ ಇರುವ ಬಾಗಿಲುಗಳನ್ನು ನಾವೇ ಮುಚ್ಚಬಾರದು. ಆದುದರಿಂದ ಎರಡು ಭಾಷೆಗಳೊಂದಿಗೆ ಪಿ.ಸಿ.ಎಂ.ಬಿ. ತೆಗೆದುಕೊಳ್ಳುವುದೇ ಕ್ಷೇಮ.

ಇಷ್ಟನ್ನು ಹೇಳುವುದಕ್ಕೆ ಸಾವಿರಗಟ್ಟಲೆ ಫೀಜು ಕೊಡಬೇಕಾಗಿಲ್ಲ. ಅನ್ಯಾಯವಿರುವುದು ವಿಷಯಗಳ ಹೆಸರಿನಲ್ಲಲ್ಲ, ಆ ವಿಷಯಗಳನ್ನು ಯಾರು ಕಲಿಸುತ್ತಾರೆಂಬುದರಲ್ಲಿ.

ನೀಟ್ ಪಠ್ಯವೆಂದರೆ ಪಿ.ಯು.ಸಿ.ಯ ಎರಡೂ ವರ್ಷಗಳ ಪಾಠ. ಜೀವಕೋಶ, ದ್ಯುತಿಸಂಶ್ಲೇಷಣೆ, ಉಸಿರಾಟ, ರಕ್ತಪರಿಚಲನೆ, ಮೂತ್ರಜನಕಾಂಗ, ನರಮಂಡಲ ಇವೆಲ್ಲ ಪ್ರಥಮ ವರ್ಷದವು. ಚಲನೆಯ ನಿಯಮಗಳು, ಗುರುತ್ವ, ಉಷ್ಣಬಲವಿಜ್ಞಾನ ಪ್ರಥಮ ವರ್ಷದವು. ಪರಮಾಣು ರಚನೆ, ರಾಸಾಯನಿಕ ಬಂಧ, ಸಮತೋಲನ, ಹೈಡ್ರೋಕಾರ್ಬನ್ನುಗಳೂ ಪ್ರಥಮ ವರ್ಷದವೇ. ಮನುಷ್ಯನ ದೇಹ ಹೇಗೆ ಕೆಲಸ ಮಾಡುತ್ತದೆಂಬ ಪಾಠವನ್ನು ಪ್ರಥಮ ಪಿ.ಯು.ಸಿ.ಯಲ್ಲಿ ಕಲಿಯದವನು ಡಾಕ್ಟರಿಕೆಯ ಹೊಸ್ತಿಲನ್ನು ಹೇಗೆ ದಾಟಿಯಾನು? ಹೀಗಿದ್ದೂ ಮೊದಲ ವರ್ಷದ ಅಂಕ ಸೀಟಿಗೆ ಲೆಕ್ಕವಿಲ್ಲವೆಂಬ ಕಾರಣಕ್ಕೆ ಎಷ್ಟೋ ಕಡೆ ಆ ವರ್ಷವನ್ನು ಹಾರಿಸಿಬಿಡುತ್ತಾರೆ. ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಖಾಯಂ ಉಪನ್ಯಾಸಕರ ಜಾಗದಲ್ಲಿ ಅತಿಥಿ ಉಪನ್ಯಾಸಕರು ಬರುತ್ತಾರೆ. ಅವರ ನೇಮಕ ತಡವಾದರೆ ತಡವಾದಷ್ಟು ದಿನವೂ ಕರಿಹಲಗೆ ಖಾಲಿ. ಆ ಖಾಲಿ ಹಲಗೆಯ ಎದುರಿಗೆ ಕುಳಿತ ಹುಡುಗಿಯೂ, ಲಕ್ಷಗಟ್ಟಲೆ ಸುರಿದು "ಇಂಟಿಗ್ರೇಟೆಡ್" ಕಾಲೇಜು ಸೇರಿದ ಹುಡುಗನೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ಇದಕ್ಕೆ ಸಮಾನ ಸ್ಪರ್ಧೆಯೆಂದು ಹೆಸರು!

ಕನ್ನಡದ ಮಾತನ್ನೂ ಕೇಳಿರಿ. 2017ರಿಂದ ನೀಟನ್ನು ಕನ್ನಡದಲ್ಲಿ ಬರೆಯಬಹುದಾಗಿದೆ. ಇದು ಸಂತೋಷದ ವಿಷಯ. ಆದರೆ ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪತ್ರಿಕೆಯೇ ಅಂತಿಮವೆಂಬುದು ಅಲ್ಲಿಯ ನಿಯಮ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ಪ್ರಥಮ ಪಿ.ಯು.ಸಿ. ವಿಜ್ಞಾನಕ್ಕೆ ಬಂದ ಕೂಡಲೆ ಪಾಠಗಳ ಜೊತೆಗೆ ಇಂಗ್ಲಿಷನ್ನೂ ಹೊತ್ತು ನಡೆಯಬೇಕು. ಆ ಹೊರೆಯನ್ನು ಇಳಿಸುವವರಾರು?

"ನೀಟ್ ಬಂದ ಮೇಲೆ ಕ್ಯಾಪಿಟೇಷನ್ ದಂಧೆ ನಿಂತಿತಲ್ಲ" ಎಂದು ಕೆಲವರು ವಾದಿಸುತ್ತಾರೆ. ಈ ವಾದವನ್ನು ತಳ್ಳಿಹಾಕದೆ ಪರೀಕ್ಷಿಸೋಣ. ಸೀಟುಗಳ ಮಾರಾಟ ನಮ್ಮ ರಾಜ್ಯಕ್ಕೆ ಹೊಸತಲ್ಲ. ಕ್ಯಾಪಿಟೇಷನ್ ನಿಷೇಧಿಸಿ 1984ರಲ್ಲಿಯೇ ಕರ್ನಾಟಕ ಕಾನೂನು ಮಾಡಿತು. ಅದೇ ಕಾನೂನಿನಡಿ 1989ರಲ್ಲಿ ಹೊರಟ ಸರ್ಕಾರಿ ಅಧಿಸೂಚನೆ ಏನು ಹೇಳಿತು? ಖಾಸಗಿ ವೈದ್ಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ! ಇದು ಬೇರೆ ಹೆಸರಿನ ಕ್ಯಾಪಿಟೇಷನ್ನೇ ಎಂದು 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 1993ರ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಅರ್ಧಕ್ಕರ್ಧ ಹಂಚಿತು. 1994ರಲ್ಲಿ ರಾಜ್ಯದ ಸಿ.ಇ.ಟಿ. ಬಂತು. ಬಡವರ ಮಕ್ಕಳು ಕೆಲವರಾದರೂ ಆ ದಾರಿಯಿಂದ ಡಾಕ್ಟರಾದರು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯ ತೀರ್ಪು ಆ ಏರ್ಪಾಡನ್ನು ಮುರಿಯಿತು. 2013ರಲ್ಲಿ ನೀಟ್ ಮೊದಲ ಬಾರಿ ನಡೆಯಿತು, ಅದೇ ವರ್ಷ ರದ್ದಾಯಿತು, 2016ರಲ್ಲಿ ಮರಳಿ ಬಂತು.

ಒಂದೇ ಪರೀಕ್ಷೆಯಿಂದ ಹತ್ತೂರು ಅಲೆದು ಹತ್ತು ಪರೀಕ್ಷೆ ಬರೆಯುವ ಕಷ್ಟ ತಪ್ಪಿತೆಂಬುದು ನಿಜ. ಆದರೆ ದುಡ್ಡಿನ ಆಳ್ವಿಕೆ ಹೋಯಿತೇ? ಹೋಗಲಿಲ್ಲ, ಹಿಂಬಾಗಿಲಿನಿಂದ ಎದ್ದು ಮುಂಬಾಗಿಲಿಗೆ ಬಂದು ಕುಳಿತಿತು. 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. 12 ಲಕ್ಷಕ್ಕೂ ಹೆಚ್ಚು ಮಂದಿ "ಅರ್ಹ"ರಾದರು. ಸಾಮಾನ್ಯ ವರ್ಗದ ಅರ್ಹತೆಗೆ ಬೇಕಾಗಿದ್ದದ್ದು 720ಕ್ಕೆ 144 ಅಂಕ, ಎಂದರೆ ನೂರಕ್ಕೆ 20! ಸೀಟುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಅರ್ಹರನ್ನು ಸೃಷ್ಟಿಸಿದರೆ ಕೊನೆಗೆ ಆರಿಸುವವರಾರು? ಫೀಜಿನ ಪಟ್ಟಿ. ಖಾಸಗಿ ಸೀಟಿನ ಫೀಜು ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಹತ್ತು ಲಕ್ಷ ಮೀರಿದೆ. ಹೆಚ್ಚು ಅಂಕ ಪಡೆದ ಹಮಾಲಿಯ ಮಗಳು ಆ ಪಟ್ಟಿ ನೋಡಿ ಹಿಂದಿರುಗುತ್ತಾಳೆ. ಅವಳಿಗಿಂತ ಎಷ್ಟೋ ಕಡಿಮೆ ಅಂಕದವನು ಚೆಕ್ಕು ಬರೆದು ಒಳಗೆ ಹೋಗುತ್ತಾನೆ. ಇದನ್ನೇ ಅವರು "ಮೆರಿಟ್" ಎನ್ನುತ್ತಾರೆ.

ಇನ್ನೊಂದು ಮರೆಯೂ ಇದೆ. ನೀಟನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ಕಾನೂನಿನ ಕಣ್ಣಿಗೆ ಇದು ಎಲ್ಲರಿಗೂ ಸಮ. ಆದರೆ ಪಿ.ಯು.ಸಿ. ಮುಗಿದ ಮೇಲೆ ಒಂದು ವರ್ಷ, ಎರಡು ವರ್ಷ ಸಂಪಾದನೆಯಿಲ್ಲದೆ ಕೋಚಿಂಗಿನಲ್ಲಿ ಕೂರುವ ಅನುಕೂಲ ಯಾರ ಮಕ್ಕಳಿಗಿದೆ? ನಮ್ಮ ಹುಡುಗ ಗ್ಯಾರೇಜಿಗೋ ಗಾರ್ಮೆಂಟ್ಸಿಗೋ ಹೊರಡುತ್ತಾನೆ; ಹುಡುಗಿಗೆ ಗಂಡು ನೋಡಲಾರಂಭಿಸುತ್ತಾರೆ. ತಮಿಳುನಾಡಿನಲ್ಲಿ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿ ಇದನ್ನೇ ಎತ್ತಿ ತೋರಿಸಿತು: ನೀಟ್ ಬಂದ ಮೇಲೆ ಕೋಚಿಂಗ್ ಪಡೆದವರೂ ಮತ್ತೆ ಮತ್ತೆ ಬರೆದವರೂ ಸೀಟುಗಳಲ್ಲಿ ಹೆಚ್ಚಿದರು; ತಮಿಳು ಮಾಧ್ಯಮದವರು ಕುಗ್ಗಿದರು.

ನಮ್ಮ ಸರ್ಕಾರ ಏನು ಮಾಡಿದೆ? 2024ರಲ್ಲಿ ಪ್ರಶ್ನೆಪತ್ರಿಕೆ ಹಜಾರಿಬಾಗ್, ಪಟ್ನಾಗಳಲ್ಲಿ ಸೋರಿದ್ದು ಬಯಲಾಯಿತು. ಆ ವರ್ಷದ ಜುಲೈಯಲ್ಲಿ ನಮ್ಮ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು. ಒಳ್ಳೆಯದು. ಆದರೆ ನಿರ್ಣಯ ಅಂಗೀಕರಿಸುವುದಕ್ಕೆ ಕಾಸು ಬೇಕಾಗಿಲ್ಲ. ಉಪನ್ಯಾಸಕರನ್ನು ನೇಮಿಸುವುದಕ್ಕೆ ಬೇಕು. ದೆಹಲಿಯನ್ನು ಬೈಯುವ ಬಾಯಿ ತಾಲ್ಲೂಕಿನ ಕಾಲೇಜಿನ ಕಡೆಗೂ ಒಮ್ಮೆ ತಿರುಗಲಿ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ತಾಲ್ಲೂಕು ಮಟ್ಟದ ಪ್ರತಿಯೊಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿಯೂ ತರಗತಿ ಆರಂಭವಾಗುವ ಮೊದಲೇ ನಾಲ್ಕು ವಿಜ್ಞಾನ ವಿಷಯಗಳ ಉಪನ್ಯಾಸಕರಿರಬೇಕು. ಪ್ರಥಮ ವರ್ಷದ ಪಾಠ ಪೂರ್ತಿಯಾಗಿ ನಡೆಯಬೇಕು. ಸಂಜೆ ಅಲ್ಲಿಯೇ ಉಚಿತ ನೀಟ್ ತರಗತಿ ನಡೆಯಬೇಕು. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ನೂರಕ್ಕೆ 7.5 ಮೀಸಲಿಟ್ಟಿತು. ಅವರಿಗೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಿಲ್ಲ?

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರಬೇಕೇ? ಬೇಡ. ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೊದಲ ವರ್ಷವೇ ಕೊರಳ ಸರ ಗಿರವಿ ಇಡಬೇಡಿರಿ, ಅಂಗಡಿಯ ಬಂಡವಾಳಕ್ಕೆ ಕೈಹಾಕಬೇಡಿರಿ. ಪಿ.ಯು. ವಿಜ್ಞಾನಕ್ಕೆ ಎನ್.ಸಿ.ಇ.ಆರ್.ಟಿ. ಪುಸ್ತಕಗಳಿವೆ, ನೀಟಿಗೂ ಅವೇ ಬುನಾದಿ. ಅವನ್ನು ಸಾಲುಸಾಲಾಗಿ ಓದಿಸಿರಿ. ಒಂದನೆಯ ತರಗತಿಯಿಂದ ಹತ್ತರವರೆಗೆ ಮಗು ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಕೋಟಾವೂ ಇದೆ. ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ಪಡೆದು ಜೋಪಾನವಾಗಿಡಿರಿ. ಮುಖ್ಯವಾಗಿ, ಹತ್ತು ಮನೆಯವರು ಒಟ್ಟಾಗಿ ನಿಮ್ಮ ಊರಿನ ಸರ್ಕಾರಿ ಕಾಲೇಜಿಗೆ ಹೋಗಿರಿ. ಜೀವಶಾಸ್ತ್ರಕ್ಕೆ ಮೇಷ್ಟ್ರು ಇದ್ದಾರೆಯೇ, ಪ್ರಯೋಗಶಾಲೆಯ ಬೀಗ ತೆಗೆದಿದೆಯೇ ಎಂದು ಕೇಳಿರಿ. ಒಬ್ಬ ತಂದೆ ಕೇಳಿದರೆ ಅದು ಬೇಡಿಕೊಳ್ಳುವಿಕೆ. ಹತ್ತು ಮಂದಿ ಕೇಳಿದರೆ ಅದು ಹಕ್ಕು.

ಬಟ್ಟೆ ನೇಯುವವರ, ಮೂಟೆ ಹೊರುವವರ, ತಕ್ಕಡಿ ಹಿಡಿಯುವವರ ಮಕ್ಕಳಿಗೆ ಬುದ್ಧಿಯ ಕೊರತೆಯಿಲ್ಲ. ಕೊರತೆಯಿರುವುದು ಕರಿಹಲಗೆಯ ಮುಂದೆ ನಿಲ್ಲುವ ಮೇಷ್ಟ್ರಿಗೆ. ಆ ಮೇಷ್ಟ್ರನ್ನು ಕೊಡಿರಿ. ಮೆರಿಟ್ ಯಾರದೆಂಬುದನ್ನು ನಮ್ಮ ಮಕ್ಕಳು ತೋರಿಸುತ್ತಾರೆ.