ಒಂದೇ ಎಳೆಗೆ ಮೂರು ಊರು

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರೂ ಊರುಗಳು ಹುಬ್ಬಳ್ಳಿ–ಹರಿಹರ ರೈಲುದಾರಿಯ ಮೇಲೆ ಒಂದರ ಮುಂದೊಂದು ನಿಂತಿವೆ. ಬ್ಯಾಡಗಿಯವನು ರಾಣೆಬೆನ್ನೂರಿಗೆ ಹೋಗಬೇಕಾದರೆ ಹಾವೇರಿಗೆ ಹಿಂದಿರುಗಬೇಕಾಗಿಲ್ಲ. ಆದರೆ ಸರಕಾರದ ಗಣಕಜಾಲದ ರಚನೆಯು ಬೇರೊಂದು ಬಗೆಯದು. ಭಾರತ ಸರಕಾರವು 2005ರಲ್ಲಿ ಮಂಜೂರು ಮಾಡಿದ ರಾಜ್ಯ ವಿಶಾಲ ಜಾಲದ ಯೋಜನೆಯು ರಾಜಧಾನಿ, ಜಿಲ್ಲೆ, ತಾಲೂಕು ಎಂಬ ಮೂರು ಮೆಟ್ಟಿಲುಗಳ ಮೇಲೆ ನಿಂತಿತು. ನಮ್ಮ ರಾಜ್ಯದ ಕೆಸ್ವಾನ್ ಸಹ ಇದೇ ಮಾದರಿಯದು. ಈ ರಚನೆಯಲ್ಲಿ ತಾಲೂಕು ತಾಲೂಕಿನೊಡನೆ ನೇರವಾಗಿ ಮಾತಾಡುವುದಿಲ್ಲ. ಎಲ್ಲ ಎಳೆಗಳೂ ಜಿಲ್ಲಾ ಸ್ಥಳದಲ್ಲಿ ಕೂಡಿ, ಅಲ್ಲಿಂದ ಮುನ್ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಹೋಗುತ್ತವೆ. ಇದಕ್ಕೆ ತಜ್ಞರು ಕೇಂದ್ರೀಕೃತ ಬೆನ್ನೆಲುಬು ಎನ್ನುತ್ತಾರೆ.

ನಾವು ಈ ವ್ಯವಸ್ಥೆಯ ವೈರಿಗಳಲ್ಲ. ಇದರ ಗುಣಗಳನ್ನು ಒಪ್ಪಿಕೊಳ್ಳುವುದು ನ್ಯಾಯವೇ ಆಗಿದೆ. ಎಲ್ಲ ತಂತಿಗಳೂ ಒಂದು ಕಡೆ ಕೂಡಿದರೆ ಖರ್ಚು ಕಡಿಮೆಯಾಗುವುದು. ದೋಷವೆಲ್ಲಿದೆಯೆಂಬುದು ಬೇಗನೆ ತಿಳಿಯುವುದು. ಕೆಲವೇ ನಿಪುಣರು ಇಡೀ ಜಾಲವನ್ನು ಕಾಯಬಲ್ಲರು. ಸುಮಾರು 2000ದಲ್ಲಿ ‘ಭೂಮಿ’ ಯೋಜನೆಯು ಜಾರಿಗೆ ಬಂದಾಗ ಪಹಣಿಗಳ ದಾಖಲೆಯು ಆಯಾ ತಾಲೂಕಿನ ಯಂತ್ರದಲ್ಲಿಯೇ ಇತ್ತು. ಮುಂದೆ ಅದು ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಸೇರಿದ್ದರಿಂದ ಬ್ಯಾಡಗಿಯ ರೈತನು ತನ್ನ ಪಹಣಿಯನ್ನು ಬೇಕಾದ ಊರಿನಲ್ಲಿ ಪಡೆಯುವಂತಾಯಿತು. ಇದು ಸಣ್ಣ ಲಾಭವಲ್ಲ.

ಆದರೆ ದಾಖಲೆ ಒಂದೆಡೆ ಇರುವುದು ಬೇರೆ, ಅದನ್ನು ಮುಟ್ಟುವ ದಾರಿ ಒಂದೇ ಆಗಿರುವುದು ಬೇರೆ. ಈ ಭೇದವನ್ನು ಮರೆತಲ್ಲಿ ಎರಡು ಬಗೆಯ ವಿಪತ್ತು ಒದಗುತ್ತದೆ. ಮೊದಲನೆಯದು ದಾರಿಯ ವಿಪತ್ತು: ಹೆದ್ದಾರಿಯ ಬದಿಯಲ್ಲಿ ಮಣ್ಣು ಅಗೆಯುವ ಯಂತ್ರವೊಂದು ಎಳೆಯನ್ನು ಹರಿದರೆ, ಆ ಎಳೆಯನ್ನೇ ನೆಚ್ಚಿದ ಕಚೇರಿಗಳೆಲ್ಲ ಸುಮ್ಮನಾಗುತ್ತವೆ. ಎರಡನೆಯದು ಕೇಂದ್ರದ ವಿಪತ್ತು. 2025ರ ಆರಂಭದಲ್ಲಿ ‘ಕಾವೇರಿ 2.0’ ನೋಂದಣಿ ತಂತ್ರಾಂಶದ ಮೇಲೆ ದುಷ್ಟರು ಸುಳ್ಳು ಕೋರಿಕೆಗಳ ಪ್ರವಾಹವನ್ನೇ ಹರಿಸಿದಾಗ, ರಾಜ್ಯದ ಉಪನೋಂದಣಿ ಕಚೇರಿಗಳ ಕೆಲಸವು ಅಸ್ತವ್ಯಸ್ತವಾಯಿತು. ತಂತಿ ಎಲ್ಲಿಯೂ ಹರಿದಿರಲಿಲ್ಲ, ಕೇಂದ್ರವೇ ಉಸಿರುಗಟ್ಟಿತ್ತು. ‘ಸರ್ವರ್ ಇಲ್ಲ’ ಎಂಬ ಎರಡು ಮಾತು ಈಗ ಸರಕಾರಿ ಕಚೇರಿಯ ಬಾಗಿಲಿನ ಬೀಗವಾಗಿದೆ. ಈ ಬೀಗಕ್ಕೆ ಗುಮಾಸ್ತನು ಹೊಣೆಯಲ್ಲ, ತಹಶೀಲದಾರರೂ ಹೊಣೆಯಲ್ಲ. ದಿನದ ಕೂಲಿಯನ್ನು ಬಿಟ್ಟು ಬಂದವನು ಮಾತ್ರ ಅದರ ದಂಡವನ್ನು ತೆರುತ್ತಾನೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಈ ಪ್ರಶ್ನೆಯು ಇನ್ನಷ್ಟು ಗುರುತರವಾದುದು. ಅಲ್ಲಿ ವ್ಯಾಪಾರಿಗಳು ಪ್ರತಿಯೊಂದು ಲಾಟಿಗೂ ತಮ್ಮ ದರವನ್ನು ಗಣಕಯಂತ್ರದಲ್ಲಿ ನಮೂದಿಸುತ್ತಾರೆ. ವೇಳೆ ಮುಗಿದ ಬಳಿಕ ಹೆಚ್ಚಿನ ದರವು ಗೆಲ್ಲುತ್ತದೆ. 2024ರ ಮಾರ್ಚ್ 11ರಂದು ದರ ಕುಸಿದುದಕ್ಕಾಗಿ ರೊಚ್ಚಿಗೆದ್ದ ಜನರು ಅಲ್ಲಿಯ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ಆ ಕೃತ್ಯವು ಖಂಡನೀಯ. ಅದರ ಕಾರಣವು ದರವೇ ಹೊರತು ಜಾಲವಲ್ಲ. ಆದರೂ ಆ ಅಂಗಳದಲ್ಲಿ ವಿಶ್ವಾಸವು ಎಷ್ಟು ತೆಳುವಾದುದೆಂಬುದನ್ನು ಅದು ತೋರಿಸಿಕೊಟ್ಟಿತು. ಅಂಥ ಕಡೆ ಟೆಂಡರಿನ ಫಲಿತಾಂಶವು ಗಂಟೆಗಟ್ಟಲೆ ತಡವಾದರೆ ರೈತನು ಅದನ್ನು ಯಂತ್ರದೋಷವೆಂದು ನಂಬುವನೇ? ಮೋಸವೆಂದೇ ಶಂಕಿಸುವನು.

ಒಂದೇ ಕೇಂದ್ರವನ್ನು ನೆಚ್ಚಿದ ಜಾಲವು ದುರ್ಬಲವೆಂಬುದನ್ನು ಅಮೇರಿಕದ ಪಾಲ್ ಬ್ಯಾರನ್ ಎಂಬ ತಜ್ಞರು 1964ರಲ್ಲಿಯೇ ವಿಶದಪಡಿಸಿದರು. ಪ್ರತಿಯೊಂದು ಠಾಣೆಗೂ ನೆರೆಯ ಮೂರು ನಾಲ್ಕು ಠಾಣೆಗಳ ಸಂಬಂಧವಿದ್ದರೆ, ಬಹುಭಾಗ ನಾಶವಾದರೂ ಉಳಿದವು ಮಾತಾಡಿಕೊಳ್ಳಬಲ್ಲವೆಂಬುದು ಅವರ ವಾದ. ನಮ್ಮವರಿಗೆ ಈ ತತ್ತ್ವವು ಹೊಸದಲ್ಲ. 1942ರ ಚಳವಳಿಯಲ್ಲಿ ತಂತಿ ಕಡಿದ ತರುಣರು, ಒಂದೇ ತಂತಿಯನ್ನು ನೆಚ್ಚಿದ ಸರಕಾರವು ಅದು ಹರಿದೊಡನೆ ಮೂಕವಾಗುವುದೆಂದು ಬಲ್ಲವರಾಗಿದ್ದರು. ಪರಸರಕಾರವನ್ನು ಮೂಕಗೊಳಿಸಿದ ಆ ದೌರ್ಬಲ್ಯವನ್ನು ನಮ್ಮ ಸ್ವಂತ ಸರಕಾರವು ತನ್ನಲ್ಲಿ ಉಳಿಸಿಕೊಳ್ಳಲಾಗದು. ಕೇಂದ್ರ ಸರಕಾರವೂ ಇದನ್ನು ಮನಗಂಡಿದೆ: 2011ರಲ್ಲಿ ಮಂಜೂರಾದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯನ್ನು 2023ರ ಆಗಸ್ಟ್‌ನಲ್ಲಿ ತಿದ್ದಿ, ತಾಲೂಕಿನಿಂದ ಗ್ರಾಮ ಪಂಚಾಯತಿಗಳಿಗೆ ಹೋಗುವ ಎಳೆಯನ್ನು ಬಳೆಯಾಕಾರದಲ್ಲಿ ಹೆಣೆಯಬೇಕೆಂದು ನಿಶ್ಚಯಿಸಿತು. ಬಳೆಯು ಒಂದು ಕಡೆ ಒಡೆದರೆ ಸಂದೇಶವು ಇನ್ನೊಂದು ಕಡೆಯಿಂದ ಸುತ್ತಿ ಬರುವುದು. ಹಳ್ಳಿಗೆ ಸಲ್ಲುವ ಈ ನ್ಯಾಯವು ತಾಲೂಕಿಗೂ ಪೇಟೆಗೂ ಸಲ್ಲಬೇಡವೇ?

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಮೊದಲನೆಯದಾಗಿ, ಈ ಮೂರು ಊರುಗಳ ಕಚೇರಿಗಳಿಗೆ ಎರಡನೆಯ ದಾರಿ ಇದೆಯೇ, ಇದ್ದರೆ ಅದು ಎಲ್ಲಿ ಹಾಯುತ್ತದೆ ಎಂಬುದನ್ನು ಅಧಿಕಾರಿಗಳು ಪ್ರಕಟಿಸಲಿ. ಒಂದೇ ಕಾಲುವೆಯಲ್ಲಿ ಹೂತ ಎರಡು ಎಳೆಗಳು ಎರಡು ದಾರಿಗಳಲ್ಲ. ಒಂದು ಹೆದ್ದಾರಿಯನ್ನು ಹಿಡಿದರೆ ಮತ್ತೊಂದು ರೈಲುದಾರಿಯನ್ನು ಹಿಡಿಯಬೇಕು. ಎರಡನೆಯದಾಗಿ, ಪ್ರತಿಯೊಂದು ಕಚೇರಿಯಲ್ಲಿಯೂ ಜಾಲವು ಎಷ್ಟು ಹೊತ್ತು ನಿಂತಿತು, ಏಕೆ ನಿಂತಿತು ಎಂಬುದನ್ನು ತಿಂಗಳಿಗೊಮ್ಮೆ ಫಲಕದ ಮೇಲೆ ಬರೆಯಲಿ. ಮೂರನೆಯದಾಗಿ, ಸಂಬಂಧ ಹರಿದಾಗಲೂ ಸ್ಥಳದಲ್ಲಿಯೇ ಕೆಲಸ ಸಾಗುವಂತಿರಲಿ. ರೈಲಿನವರನ್ನು ನೋಡಿರಿ: ಸಂಕೇತಯಂತ್ರವು ಕೆಟ್ಟರೆ ಸ್ಟೇಶನ್ ಮಾಸ್ತರರು ನಿಲ್ದಾಣಕ್ಕೆ ಬೀಗ ಹಾಕುವುದಿಲ್ಲ, ಕಾಗದದ ಮೇಲೆ ಅನುಮತಿ ಬರೆದುಕೊಡುತ್ತಾರೆ. ಗಾಡಿ ನಿಧಾನವಾಗಿ ಹೋಗುತ್ತದೆ, ಆದರೆ ಹೋಗುತ್ತದೆ. ಹಾಗೆಯೇ ಪೇಟೆಯ ಟೆಂಡರು ಅಂಗಳದ ಯಂತ್ರದಲ್ಲಿಯೇ ಮುಗಿದು, ಲೆಕ್ಕವು ಅನಂತರ ಕೇಂದ್ರವನ್ನು ಸೇರಬಹುದು.

ಇದಕ್ಕೆ ಹಣ ಬೇಕು, ನಿಜ. ಆದರೆ ಉಳಿತಾಯವೆಂದು ಇಂದು ಎಣಿಸುವ ಹಣವನ್ನು ಬಾಗಿಲಲ್ಲಿ ಕಾಯುವ ಪ್ರಜೆಯು ದಿನದಿನವೂ ತನ್ನ ವೇಳೆಯಿಂದ ತುಂಬಿಕೊಡುತ್ತಿದ್ದಾನೆ. ಬೆಂಕಿ ಬಿದ್ದಾಗ ಬಾವಿ ತೋಡುವುದು ಆಡಳಿತವೆನಿಸದು. ಕೇಂದ್ರವು ಬಲವಾಗಿರಲಿ, ಆದರೆ ಅದು ಮಲಗಿದ ದಿನವೂ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಎಚ್ಚರವಾಗಿರುವಂತಾಗಲಿ.