ಹಳೇ ಜೀಪಿಗೆ ಬೇರೆ ಎಂಜಿನ್: ಬೇಡ ಅನ್ನೋ ಬದಲು ಟೆಸ್ಟ್ ಇಡಿ

ಹಳೇ ಗಾಡಿಗೆ ಬೇರೆ ಕಂಪನಿ ಎಂಜಿನ್ ಹಾಕಬಹುದಾ ಅಂತ ಹಾಸ್ಟೆಲ್‌ನಲ್ಲಿ ಮಾತು ಬಂದರೆ ಎರಡು ಪಾರ್ಟಿ ಆಗುತ್ತವೆ. ಒಂದು ಪಾರ್ಟಿಗೆ ಅದು ಪಾಪದ ಕೆಲಸ, ಅಂಬಾಸಿಡರ್ ಅಂದ ಮೇಲೆ ಅದರದೇ ಎಂಜಿನ್ ಇರಬೇಕು. ಇನ್ನೊಂದು ಪಾರ್ಟಿಗೆ ಅದು ರೀಲ್ಸ್ ಮಾಡೋ ವಿಷಯ, ಹಾರ್ಸ್‌ಪವರ್ ಎಷ್ಟು ಏರಿತು, ಸೌಂಡ್ ಹೆಂಗೈತಿ ಅಷ್ಟೇ. ನವಲಗುಂದದಿಂದ ಬಂದ ನನಗೆ ಎರಡೂ ಪಾರ್ಟಿ ಸರಿ ಅನಿಸೋದಿಲ್ಲ.

ನಮ್ಮದು ಎರಿ ಮಣ್ಣಿನ ಸೀಮೆ. ಮಳೆ ಬಿದ್ದರೆ ಆ ಮಣ್ಣು ಟೈರಿಗೆ ಅಂಟಿದ್ದು ಬಿಡೋದೇ ಇಲ್ಲ. ಅಂಥ ದಾರಿಯಲ್ಲಿ ಹೆಸರು, ಹತ್ತಿ, ಉಳ್ಳಾಗಡ್ಡಿ ಹೊತ್ತು ಬರೋಕೆ ಹಳೇ ಫೋರ್ ವೀಲ್ ಜೀಪಿನಷ್ಟು ಉಪಯೋಗದ ಗಾಡಿ ಕಡಿಮೆ. ಅದರ ಬಾಡಿ, ಷಾಸಿ ಇನ್ನೂ ಗಟ್ಟಿ ಇರುತ್ತವೆ, ಎಂಜಿನ್ ಮಾತ್ರ ಸೋತಿರುತ್ತೆ. ಪಾರ್ಟ್ಸ್ ಸಿಗೋದಿಲ್ಲ, ಸಿಕ್ಕರೂ ರೇಟ್ ಕೇಳಿದರೆ ತಲೆ ತಿರುಗುತ್ತೆ. ಹೊಸ ಥಾರ್ ತಗೊಳ್ಳೋಕೆ ಲಕ್ಷಗಟ್ಟಲೆ ಬೇಕು. ಆಗ ಮಾಲೀಕ ಹುಬ್ಬಳ್ಳಿ ಗುಜರಿಯಲ್ಲಿ ಸಿಕ್ಕ ಒಂದು ಡೀಸೆಲ್ ಎಂಜಿನ್ ತಂದು ಕೂರಿಸುತ್ತಾನೆ. ಅವನಿಗೆ ಇದು ಹವ್ಯಾಸ ಅಲ್ಲ, ಸುಗ್ಗಿಯ ಲೆಕ್ಕ.

ಮೊದಲು ಶುದ್ಧತೆಯ ವಾದ ನೋಡೋಣ. ನಮ್ಮ ದೇಶದ ಕ್ಲಾಸಿಕ್ ಗಾಡಿಗಳ ಬಾನೆಟ್ ಎತ್ತಿದರೆ ಆ ವಾದ ಅಲ್ಲೇ ಬಿದ್ದುಹೋಗುತ್ತೆ. ಮಹೀಂದ್ರಾ ಜೀಪ್ ಹುಟ್ಟಿನಿಂದ ಅಮೆರಿಕದ ವಿಲ್ಲೀಸ್. ಕಂಪನಿ 1979ರಲ್ಲಿ ಫ್ರಾನ್ಸಿನ ಪ್ಯೂಜೋದಿಂದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ತಯಾರಿಸೋ ಲೈಸೆನ್ಸ್ ಪಡೀತು. ಊರೂರಲ್ಲಿ ಓಡಿದ ಎಂಎಂ 540ಯಲ್ಲಿ ಇದ್ದದ್ದು ಅದೇ 2112 ಸಿಸಿ ಎಂಜಿನ್. ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾಡೆಲ್. ಅದಕ್ಕೆ 1489 ಸಿಸಿಯ ಬಿಎಂಸಿ ಎಂಜಿನ್ ಇತ್ತು, 1990ರ ದಶಕದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿಯೇ ಜಪಾನಿನ ಇಸುಝು 1.8 ಲೀಟರ್ ಎಂಜಿನ್ ಹಾಕಿ ಮಾರಿತು. ಕಾಂಟೆಸ್ಸಾದ ಬಾಡಿ ವಾಕ್ಸ್‌ಹಾಲ್‌ನದು. ಮೊದಲು ಅದೇ ಅಂಬಾಸಿಡರ್ ಎಂಜಿನ್ ಹಾಕಿದರು, ಅಷ್ಟು ದೊಡ್ಡ ಬಾಡಿ ಎಳೆಯೋಕೆ ಅದು ಸಾಲಲಿಲ್ಲ, ಆಮೇಲೆ ಇಸುಝು ಬಂತು. 1985ರ ಪ್ರೀಮಿಯರ್ 118 ಎನ್‌ಇ ಅಂತೂ ಫಿಯಟ್ 124 ಬಾಡಿಯೊಳಗೆ ನಿಸ್ಸಾನ್ ಎ12 ಎಂಜಿನ್. ಇವನ್ನೆಲ್ಲ ಕಂಪನಿ ಮಾಡಿದಾಗ ಹೊಸ ಮಾಡೆಲ್ ಅಂತ ಕೊಂಡಾಡಿದೆವು. ಹಾಗಿರುವಾಗ ಎಂಜಿನ್ ಮೇಲಿನ ಹೆಸರು ನೋಡಿ ಗಾಡಿಯ ಜಾತಿ ಕೆಟ್ಟಿತು ಅನ್ನೋದರಲ್ಲಿ ಅರ್ಥ ಇಲ್ಲ.

ಆದರೆ ಕಂಪನಿಗೂ ಮಾಲೀಕನಿಗೂ ಕಾನೂನು ಒಂದೇ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಮಾಲೀಕ ಗಾಡಿ ಬದಲಿಸೋ ಹಾಗಿಲ್ಲ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇದರಲ್ಲಿ ಒಂದು ತಮಾಷೆ ಇದೆ. ಅದೇ 52ನೇ ಸೆಕ್ಷನ್ ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಿಸೋಕೆ ಬಾಗಿಲು ತೆರೆದಿಟ್ಟಿದೆ, ಒಪ್ಪಿಗೆ ಪಡೆದ ಕಿಟ್ ಹಾಕಿದರೆ ಸಾಕು. ಅಂದರೆ ಹಳೇ ಎಂಜಿನ್ ಪೂರ್ತಿ ಕಿತ್ತು, ಯಾರೋ ಮಾಡಿದ ಮೋಟರ್ ಮತ್ತು ಕ್ವಿಂಟಲ್‌ಗಟ್ಟಲೆ ತೂಕದ ಬ್ಯಾಟರಿ ಕೂರಿಸೋಕೆ ಕಾನೂನಿನ ದಾರಿ ಇದೆ. ಅಷ್ಟೇ ತೂಕದ, ಅಷ್ಟೇ ಪವರಿನ ಇನ್ನೊಂದು ಕಂಪನಿಯ ಎಂಜಿನ್ ಕೂರಿಸೋಕೆ ದಾರಿ ಇಲ್ಲ. ಎಂಜಿನಿಯರಿಂಗ್ ಓದೋರಿಗೆ ಈ ಗೆರೆ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಏಳಲೇಬೇಕು.

ಹಾಗಂತ ಕಾನೂನಿನ ಭಯಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳೋದಿಲ್ಲ. ಎಂಜಿನ್ ಬದಲಿಸೋದು ಅಂದರೆ ನಾಲ್ಕು ಬೋಲ್ಟ್ ಬಿಚ್ಚಿ ಹಾಕೋದಲ್ಲ. ಪೆಟ್ರೋಲ್ ತೆಗೆದು ಡೀಸೆಲ್ ಹಾಕಿದರೆ ಮುಂದಿನ ಆ್ಯಕ್ಸಲ್ ಮೇಲೆ ತೂಕ ಏರುತ್ತೆ, ಸ್ಪ್ರಿಂಗ್ ಕೂರುತ್ತೆ, ಸ್ಟೀರಿಂಗ್ ಬಿಗಿ ಆಗುತ್ತೆ. ಗೇರ್‌ಬಾಕ್ಸ್ ಬದಲಾದರೆ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತೆ. ಅದನ್ನು ಕತ್ತರಿಸಿ ವೆಲ್ಡ್ ಮಾಡಿ ಬ್ಯಾಲೆನ್ಸ್ ಮಾಡದೇ ಬಿಟ್ಟರೆ ಅದು ಓಡೋವಾಗಲೇ ಕಳಚಿಕೊಳ್ಳಬಹುದು. ರೇಡಿಯೇಟರ್ ಸಾಲದೇ ಹೋಗಬಹುದು. ಎಲ್ಲಕ್ಕಿಂತ ದೊಡ್ಡದು ಬ್ರೇಕ್. ಹಳೇ ಜೀಪ್, ಹಳೇ ಅಂಬಾಸಿಡರ್ ಎರಡಕ್ಕೂ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕೇ. 60ರಲ್ಲಿ ಓಡುತ್ತಿದ್ದ ಗಾಡಿ ಹೊಸ ಎಂಜಿನ್ನಿನಿಂದ 90ರಲ್ಲಿ ಓಡಿದರೆ ಬ್ರೇಕ್ ತಿನ್ನಬೇಕಾದ ಎನರ್ಜಿ ಒಂದೂವರೆ ಪಟ್ಟು ಅಲ್ಲ, ಎರಡೂಕಾಲು ಪಟ್ಟು. ಇದು ಪಿಯುಸಿ ಫಿಸಿಕ್ಸ್. ನವಲಗುಂದದ ಮೇಲೆ ಹಾದು ಹೋಗೋ ವಿಜಯಪುರ ಹೈವೇಯಲ್ಲಿ ಲಾರಿಗಳ ನಡುವೆ, ಹಿಂದೆ ಹತ್ತು ಜನ ಕೂಲಿಯವರನ್ನು ಕೂರಿಸಿಕೊಂಡು ಹೊರಟ ಜೀಪಿಗೆ ಈ ಲೆಕ್ಕ ಪರೀಕ್ಷೆಯ ಪ್ರಶ್ನೆ ಅಲ್ಲ, ಆ ಹತ್ತು ಮನೆಗಳ ಪ್ರಶ್ನೆ.

ಈಗ ಆಗ್ತಿರೋದು ಏನು? ಪೂರ್ತಿ ಬಂದ್ ಮಾಡಿದ್ದರಿಂದ ಎಂಜಿನ್ ಬದಲಿಸೋದು ನಿಂತಿಲ್ಲ, ಕದ್ದು ನಡೀತಿದೆ. ಮೆಕ್ಯಾನಿಕ್ ಒಳ್ಳೆಯವನಾದರೆ ಕೆಲಸ ಒಳ್ಳೆಯದು, ಇಲ್ಲದಿದ್ದರೆ ದೇವರೇ ಗತಿ. ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರ್, ಬಾನೆಟ್ ಕೆಳಗೆ ಇನ್ನೊಂದು. ಆ್ಯಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಮೊದಲು ಎತ್ತೋ ತಕರಾರು ಅದೇ. ತಪ್ಪು ಮಾಡಿದವನು ಮಾಲೀಕ, ಪರಿಹಾರಕ್ಕೆ ಅಲೆಯೋರು ಹಿಂದೆ ಕೂತವರು. ಚೆಂದ ಕೆಲಸ ಮಾಡಿದವನಿಗೂ ಕೆಟ್ಟ ಕೆಲಸ ಮಾಡಿದವನಿಗೂ ಕಾನೂನಿನಲ್ಲಿ ವ್ಯತ್ಯಾಸ ಇಲ್ಲದಿದ್ದರೆ, ಬ್ರೇಕಿಗೆ ದುಡ್ಡು ಹಾಕೋ ಆಸೆ ಯಾರಿಗೆ ಬರುತ್ತೆ?

ಬೇರೆ ದೇಶಗಳು ಇದಕ್ಕೆ ದಾರಿ ಹುಡುಕಿವೆ. ಬ್ರಿಟನ್‌ನಲ್ಲಿ ಬಹಳ ವರ್ಷ ನಡೆದ ಪಾಯಿಂಟ್ ಪದ್ಧತಿಯಲ್ಲಿ, ಬದಲಾವಣೆ ಮಾಡಿದ ಗಾಡಿ ತನ್ನ ಹಳೇ ನಂಬರ್ ಉಳಿಸಿಕೊಳ್ಳೋಕೆ 8 ಪಾಯಿಂಟ್ ಬೇಕಿತ್ತು. ಮೂಲ ಷಾಸಿಗೆ 5 ಪಾಯಿಂಟ್, ಸ್ಟೀರಿಂಗ್, ಸಸ್ಪೆನ್ಶನ್, ಆ್ಯಕ್ಸಲ್, ಗೇರ್‌ಬಾಕ್ಸ್‌ಗೆ ತಲಾ 2, ಎಂಜಿನ್‌ಗೆ ಬರೀ 1. ಗಾಡಿಯ ಗುರುತು ಎಲ್ಲಿದೆ ಅಂತ ಅವರು ಹೀಗೆ ಲೆಕ್ಕ ಹಾಕಿದರು. ಆಸ್ಟ್ರೇಲಿಯಾದಲ್ಲಿ ವಿಎಸ್‌ಬಿ 14 ಅನ್ನೋ ಕೋಡ್ ಇದೆ. ಗಾಡಿಯ ತೂಕಕ್ಕೆ ತಕ್ಕಂತೆ ಎಷ್ಟು ದೊಡ್ಡ ಎಂಜಿನ್ ಹಾಕಬಹುದು ಅಂತ ಅದರಲ್ಲಿ ಮಿತಿ ಇದೆ.

ನನ್ನ ವಾದ ಇಷ್ಟು. 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗಳನ್ನು ಮುಟ್ಟೋದು ಬೇಡ. ಅವುಗಳಿಗಾಗಿ 2021ರಲ್ಲಿ ವಿಂಟೇಜ್ ನಿಯಮ ಬಂದಿದೆ, ಎಂಜಿನ್ ಬದಲಿಸಿದರೆ ಆ ಮಾನ್ಯತೆ ಸಿಗೋದಿಲ್ಲ, ಅದು ಸರಿಯಾಗೇ ಇದೆ. ಉಳಿದ, ದಿನಾ ದುಡಿಯೋ ಹಳೇ ಗಾಡಿಗಳಿಗೆ ಒಂದು ಟೆಸ್ಟ್ ಇಡಿ. ಹೊಸ ಎಂಜಿನ್ನಿನ ತೂಕ, ಪವರ್ ಇಂತಿಷ್ಟು ಮಿತಿಯೊಳಗೆ ಇರಲಿ. ಹೊಗೆ ಹಳೇ ಎಂಜಿನ್‌ಗಿಂತ ಕೆಟ್ಟದಿರಬಾರದು. ಲೋಡ್ ಹಾಕಿ ಬ್ರೇಕ್ ನೋಡಿ, ಮೌಂಟಿಂಗ್ ಮತ್ತು ಶಾಫ್ಟ್ ನೋಡಿ. ಪಾಸಾದರೆ ಹೊಸ ಎಂಜಿನ್ ನಂಬರ್ ಆರ್‌ಸಿಗೆ ಏರಲಿ, ಫೇಲಾದರೆ ಗಾಡಿ ರಸ್ತೆಗೆ ಇಳಿಯೋದು ಬೇಡ.

ಒಂದೊಂದು ಜೀಪನ್ನೂ ಪುಣೆಯ ಎಆರ್‌ಎಐಗೆ ಕಳಿಸೋಕೆ ಆಗಲ್ಲ, ಟೆಸ್ಟ್ ಯಾರು ಮಾಡ್ತಾರೆ ಅಂತ ಕೇಳಬಹುದು. ಜಿಲ್ಲೆಗೊಂದಾದರೂ ಮೆಕ್ಯಾನಿಕಲ್ ಬ್ರಾಂಚ್ ಇರೋ ಕಾಲೇಜ್ ಇದೆಯಲ್ಲ. ದುಡ್ಡು ಕೊಟ್ಟು ಸರ್ಟಿಫಿಕೇಟ್ ತರ್ತಾರೆ ಅನ್ನೋ ಭಯವೂ ಸುಳ್ಳಲ್ಲ. ಅದಕ್ಕೇ ಕೊನೇ ಸಹಿ ಆರ್‌ಟಿಒದ್ದೇ ಇರಲಿ, ಅಳತೆಯ ಕೆಲಸ ಕಾಲೇಜಿನದು, ಅಂಕಿ ಎಲ್ಲರೂ ನೋಡೋ ಹಾಗೆ ಆನ್‌ಲೈನ್‌ನಲ್ಲಿ ಇರಲಿ.

ಇದು ಆಗದ ಮಾತು ಅನ್ನೋರು ಬಾಹಾ ಎಸ್‌ಎಇಇಂಡಿಯಾಗೆ ಹೋಗಿ ಬಂದ ಸೀನಿಯರ್‌ಗಳನ್ನ ಕೇಳಿ. ಅಲ್ಲಿ ಹುಡುಗರು ತಾವೇ ವೆಲ್ಡ್ ಮಾಡಿದ ಫ್ರೇಮಿಗೆ ಬೇರೆ ಕಂಪನಿಯ ಎಂಜಿನ್ ಕೂರಿಸ್ತಾರೆ. ಯಾರೂ ಬೇಡ ಅನ್ನೋದಿಲ್ಲ. ಆದರೆ ಟೆಕ್ನಿಕಲ್ ಇನ್‌ಸ್ಪೆಕ್ಷನ್ ಆಗದೇ, ಬ್ರೇಕ್ ಒತ್ತಿದಾಗ ನಾಲ್ಕೂ ಗಾಲಿ ಲಾಕ್ ಆಗದೇ ರೇಸಿಗೆ ಬಿಡೋದಿಲ್ಲ. ಇಪ್ಪತ್ತು ವರ್ಷದ ಹುಡುಗರ ಬಗ್ಗಿಗೆ ಇರೋ ಆ ನಿಯಮ ನವಲಗುಂದದ ಜೀಪಿಗೂ ಸಿಗಲಿ. ಮುಂದಿನ ವರ್ಷ ಮೈನರ್ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕೋರು ಇದ್ದರೆ, ಒಂದು ಹಳೇ ಜೀಪಿನ ಬ್ರೇಕಿಂಗ್ ಡಿಸ್ಟನ್ಸನ್ನ ಖಾಲಿ ಇದ್ದಾಗ ಒಮ್ಮೆ, ಲೋಡ್ ಹಾಕಿ ಒಮ್ಮೆ ಅಳೆಯೋದರಿಂದ ಶುರು ಮಾಡಬಹುದು. ಟೇಪು, ಮರಳಿನ ಚೀಲ, ಖಾಲಿ ಗ್ರೌಂಡ್ ಇದ್ದರೆ ಸಾಕು.