ಸಿಪಾಯಿ ಹಾಡಿಗೆ ರಟ್ಟಿನ ಬಂದೂಕು

‘ಅಕ್ಕೋರೇ, ಅದು ದೇಶಭಕ್ತಿ ಸಿನಿಮಾ. ಅದರ ಹಾಡಿಗೆ ಮಕ್ಕಳನ್ನು ಕುಣಿಸಿದರೆ ತಪ್ಪೇನು?’ ಹೊನ್ನಾವರದ ಶಾಲೆಯಲ್ಲಿ ಕಿರಿಯ ಮಾಸ್ತರರೊಬ್ಬರು ನನ್ನನ್ನು ಕೇಳಿದರು.

ಸ್ವಾತಂತ್ರ್ಯ ದಿನದ ತಾಲೀಮು ನಡೆದಿತ್ತು. ‘ಮುತ್ತಿನ ಹಾರ’ದ ಮಡಿಕೇರಿ ಸಿಪಾಯಿಯ ಹಾಡು. ಗಂಡುಮಕ್ಕಳ ಕೈಯಲ್ಲಿ ರಟ್ಟಿನ ಬಂದೂಕು, ಹೆಣ್ಣುಮಕ್ಕಳ ತಲೆಗೆ ನರ್ಸಿನ ಬಿಳಿ ಟೊಪ್ಪಿ. ಗುಂಡು ತಾಗಿ ಬಿದ್ದವನ ಪಕ್ಕ ಕೂತು ಅಳುವುದಷ್ಟೇ ಅವರ ಪಾಲಿನ ಕೆಲಸ.

ತಪ್ಪೇ ಎಂದೆ. ವಿವರಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

1990ರಲ್ಲಿ ಬಂದ ಆ ಚಿತ್ರವನ್ನು ನಾನು ಬಿ.ಎ. ಓದುವಾಗ ಕುಮಟಾದಲ್ಲಿ ಆಯಿಯ ಪಕ್ಕ ಕೂತು ನೋಡಿದೆ. ವಿಷ್ಣುವರ್ಧನ್ ಅಚ್ಚಪ್ಪ, ಸುಹಾಸಿನಿ ಅನ್ನಪೂರ್ಣ. ಗಾಯಗೊಂಡ ಸಿಪಾಯಿಯನ್ನು ಉಪಚರಿಸಿದ ನರ್ಸ್ ಅವನನ್ನೇ ಮದುವೆಯಾಗುತ್ತಾಳೆ. ಹುಟ್ಟಿದ ಮಗನನ್ನು ಯುದ್ಧವೇ ಕಸಿದುಕೊಳ್ಳುತ್ತದೆ. ಬಾಲಮುರಳಿಕೃಷ್ಣರ ದನಿ ಕೇಳಿದಾಗ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನೆನಪಿದೆ. ಮನೆಗೆ ಬರುವಾಗ ಅವಳು ‘ದೇಶ’ ಎಂಬ ಮಾತನ್ನೇ ಆಡಲಿಲ್ಲ, ‘ಪಾಪ, ಆ ಹುಡುಗ’ ಎಂದಳು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ವಿಮರ್ಶಕರು ಬೇಕಾದಷ್ಟು ಬರೆದರು. ಆಯಿ ಹೇಳಿದ್ದೇ ಸರಿ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಅದು ಯುದ್ಧವನ್ನು ಕೊಂಡಾಡುವ ಚಿತ್ರವಲ್ಲ, ಯುದ್ಧ ಒಂದು ಮನೆಯನ್ನು ಹೇಗೆ ಬರಿದು ಮಾಡುತ್ತದೆ ಎಂಬ ಲೆಕ್ಕ.

ರಾಜೇಂದ್ರಸಿಂಗ್ ಬಾಬು ಅವರ ಎಲ್ಲವನ್ನೂ ನಾನು ಮೆಚ್ಚುವವಳಲ್ಲ. 1981ರ ‘ಅಂತ’ದ ಹಿಂಸೆಯನ್ನು ಪೂರ್ತಿ ನೋಡಲು ನನ್ನಿಂದಾಗಲಿಲ್ಲ. ‘ಮುತ್ತಿನ ಹಾರ’ದಲ್ಲೂ ಕಣ್ಣೀರು ಸಾಕೆಂದಾಗ ನಿಲ್ಲಿಸುವುದು ಅವರಿಗೆ ತಿಳಿಯದು. ಆದರೆ ಉಷಾ ನವರತ್ನರಾಮ್ ಕಾದಂಬರಿಯಿಂದ ‘ಬಂಧನ’, ತ್ರಿವೇಣಿಯವರ ಕಾದಂಬರಿಯಿಂದ ‘ಹೂವು ಹಣ್ಣು’ ಮಾಡಿದವರೂ ಅವರೇ. ಹೆಂಗಸು ಬರೆದದ್ದನ್ನು ಓದಿ, ಅವಳ ಸಂಕಟ ಏನೆಂದು ಕಿವಿಗೊಟ್ಟ ನಿರ್ದೇಶಕರು ನಮ್ಮಲ್ಲಿ ಎಷ್ಟು ಮಂದಿ? ಅದಕ್ಕೇ ಯುದ್ಧದ ಚಿತ್ರದಲ್ಲೂ ಅನ್ನಪೂರ್ಣೆಗೆ ಅರ್ಧ ಪಾಲು ಸಿಕ್ಕಿತು. ನಮ್ಮ ತಾಲೀಮು ಅದನ್ನೂ ಕಿತ್ತುಕೊಂಡು ಅವಳನ್ನು ಬರೀ ಅಳುವವಳನ್ನಾಗಿ ಮಾಡಿತು.

ಭಟ್ಕಳದಲ್ಲಿ ನನ್ನಲ್ಲಿ ಕಲಿತ ಹುಡುಗನೊಬ್ಬ ಸೈನ್ಯ ಸೇರಿದ್ದಾನೆ. ಪೇಟೆಯಲ್ಲಿ ಸಿಕ್ಕಿದ ಅವನ ತಾಯಿ ಮೀನಿನ ಬುಟ್ಟಿ ಕೆಳಗಿಟ್ಟು ಹೇಳಿದಳು: ‘ಗಡಿ ಸುದ್ದಿ ಬಂದ್ರೆ ನಾ ಟಿ.ವಿ. ಬಂದ್ ಮಾಡ್ತೆ ಅಕ್ಕೋರೇ.’ ಆ ತಾಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ರಟ್ಟಿನ ಬಂದೂಕಿಗೆ ಉರುಳಿ ಬೀಳುವ ಮಕ್ಕಳನ್ನು ತೋರಿಸಿ ಚಪ್ಪಾಳೆ ತಟ್ಟಿ ಎನ್ನುವುದೆ?

ಮಕ್ಕಳಿಗೆ ವೀರರು ಬೇಕು, ಒಪ್ಪುತ್ತೇನೆ. ನಮ್ಮ ಜಿಲ್ಲೆಯವರೇ ಇದ್ದಾರಲ್ಲ, ಕಾರವಾರದ ಹತ್ತಿರದ ಚೆಂಡಿಯಾದ ರಾಮ ರಾಘೋಬ ರಾಣೆ. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ, ಗಾಯಗೊಂಡೂ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ ನೆಲಬಾಂಬುಗಳ ನಡುವೆ ದಾರಿ ಮಾಡಿಕೊಟ್ಟವರು. ಪರಮವೀರ ಚಕ್ರ ಬಂದದ್ದು ದಾರಿ ತೆರೆದುದಕ್ಕೆ. ಬದುಕಿ ಮರಳಿದರು ಎಂಬುದೂ ಮಕ್ಕಳಿಗೆ ಗೊತ್ತಾಗಲಿ.

ಬರುವ ವರ್ಷಕ್ಕೆ ಆ ಪ್ರಸಂಗವನ್ನು ಬರೆದುಕೊಡುತ್ತೇನೆಂದು ಮಾಸ್ತರರಿಗೆ ಹೇಳಿದ್ದೇನೆ. ಟ್ಯಾಂಕು ಮಾಡುವಷ್ಟು ರಟ್ಟು ಎಲ್ಲಿಂದ ತರುವುದು ಅಕ್ಕೋರೇ ಎಂದರು ಅವರು. ಬಂದೂಕು ಮಾಡಿದ ರಟ್ಟು ಇದೆಯಲ್ಲ ಎಂದೆ.